ಹೊಳಬಸಪ್ಪನ ಅರ್ಥಾಪತ್ತಿ

ಹೊಳಬಸಪ್ಪ ಎಂ.ಎ. ಓದಲು ಹೊರಟಿದ್ದು ಜ್ಞಾನದ ಹಸಿವಿನಿಂದಲ್ಲ, ಚಟ್ನಿಡಬ್ಬಿಯ ದೆಸೆಯಿಂದ. ಈ ಮಾತನ್ನು ಅವನು ಎಲ್ಲೂ ಬಾಯಿಬಿಟ್ಟು ಹೇಳಿಲ್ಲ. ಗೊತ್ತಿದ್ದವನಾದ್ದರಿಂದ ನಾನು ಹೇಳುತ್ತಿದ್ದೇನೆ.

ಅವನ ಹೆಂಡತಿ ಬಸವೇಶ್ವರಿಗೆ ಹುನಗುಂದದ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕಿತು. ತವರಿನವರಿಗೆ ಹಿಗ್ಗೋ ಹಿಗ್ಗು. ಒಂದು ಡಜನ್ ಸ್ಟೀಲಿನ ಡಬ್ಬಿ ಕೊಡಿಸಿದರು. ಕೊಡಿಸಿದ್ದಕ್ಕೆ ಯಾರದೂ ತಕರಾರಿಲ್ಲ. ಪಾತ್ರೆಯ ಮೇಲೆ ಹೆಸರು ಕೊರೆಸುವುದೂ ನಮ್ಮ ಕಡೆ ಇದ್ದದ್ದೇ. ಆದರೆ 'ಸೌ. ಬಸವೇಶ್ವರಿ' ಎಂಬಲ್ಲಿಗೆ ನಿಲ್ಲಿಸಬೇಕಿತ್ತೋ ಬೇಡವೋ? ಹನ್ನೆರಡೂ ಮುಚ್ಚಳಗಳ ಮೇಲೆ 'ಸೌ. ಬಸವೇಶ್ವರಿ, ಎಂ.ಎ., ಬಿ.ಎಡ್.' ಎಂದು ಕೊರೆಸಿಬಿಟ್ಟರು. ಹೈಸ್ಕೂಲಿನ ಗುಮಾಸ್ತ, ಬರೀ ಬಿ.ಎ. ಆದ ಹೊಳಬಸಪ್ಪ ಅಂದಿನಿಂದ ರೊಟ್ಟಿಗೆ ಒಂದು ಚಿಟಿಕೆ ಚಟ್ನಿ ಬೇಕೆಂದರೂ ಹೆಂಡತಿಯ ಡಿಗ್ರಿಯನ್ನು ತೆಗೆದು ಪಕ್ಕಕ್ಕಿಡಬೇಕಾಯಿತು.

ಏಳು ವರ್ಷ ಹೀಗೆ ತೆಗೆದಿಟ್ಟ ಮೇಲೆ, ನಲವತ್ತೊಂದನೆಯ ವಯಸ್ಸಿಗೆ, ಮನೆಯಲ್ಲೇ ಕೂತು ಓದುವ ಎಂ.ಎ.ಗೆ ಹೆಸರು ಹಚ್ಚಿದ. ಕನ್ನಡ ತೆಗೆದುಕೊಂಡರೆ ಅಡಿಗೆಮನೆಯಿಂದಲೇ ಮಾಸ್ತರಿಕೆ ಶುರುವಾಗುತ್ತದೆ. ಇತಿಹಾಸಕ್ಕೆ ಇಸವಿ ನೆನಪಿಡಬೇಕು. ತತ್ವಶಾಸ್ತ್ರದಲ್ಲಾದರೆ ಏನು ಬರೆದರೂ ತಪ್ಪೆನ್ನುವವರು ಯಾರು ಎಂದು ಅದನ್ನೇ ಆರಿಸಿಕೊಂಡ. ತಪ್ಪೆನ್ನುವವರು ಇದ್ದರು. ಉಳಿದ ಪೇಪರುಗಳೆಲ್ಲ ಹೇಗೋ ದಾಟಿದವು, 'ಭಾರತೀಯ ಜ್ಞಾನಮೀಮಾಂಸೆ' ಎಂಬ ಒಂದು ಪೇಪರು ಮಾತ್ರ ಮೂರು ಸಲ ಅವನನ್ನು ಬರಿಗೈಯಲ್ಲಿ ಮನೆಗೆ ಕಳಿಸಿತು. ನಾಲ್ಕನೆಯ ಸಲದ್ದು ಇವತ್ತು, ಮಧ್ಯಾಹ್ನ ಎರಡಕ್ಕೆ, ಬಾಗಲಕೋಟೆಯಲ್ಲಿ. ಹಾಲ್ ಟಿಕೆಟ್ಟಿನ ಮೇಲೆ ಕೆಂಪಗೆ 'ಕೊನೆಯ ಅವಕಾಶ' ಎಂದು ಮುದ್ರೆ ಬೇರೆ ಒತ್ತಿದ್ದರು.

ಪಾಸಾಗುವ ಮೊದಲೇ ಅವನು ಒಂದು ಕೆಲಸ ಮಾಡಿಟ್ಟಿದ್ದ. ಇಳಕಲ್ಲಿಗೆ ಹೋದಾಗ ಒಂದು ಕೆಂಪು ಗ್ರಾನೈಟಿನ ಹಲಗೆಯ ಮೇಲೆ 'ಹೊಳಬಸಪ್ಪ, ಎಂ.ಎ.' ಎಂದು ಕೊರೆಸಿಕೊಂಡು ಬಂದು, ಜೋಳದ ಚೀಲಗಳ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ. ಪಾಸಾದ ದಿನ ಬಾಗಿಲಿನ ಮಗ್ಗುಲಿಗೆ ಹಚ್ಚಬೇಕು, ಹೆಂಡತಿ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವಾಗ ನೋಡಬೇಕು. ಕಲ್ಲಿನಲ್ಲಿ ಕೊರೆದದ್ದನ್ನು ಅಳಿಸಲು ಬರುವುದಿಲ್ಲ, ಆದ್ದರಿಂದ ಪಾಸಾಗಲೇಬೇಕಿತ್ತು.

ಅವನ ಊರು ಮಾದನಟ್ಟಿ ಹುನಗುಂದಕ್ಕೂ ಅಮೀನಗಡಕ್ಕೂ ನಡುವೆ ದೊಡ್ಡ ರಸ್ತೆಯ ಮಗ್ಗುಲಲ್ಲೇ ಇದೆ. ಇದ್ದು ಏನು ಬಂತು, ಬಾಗಲಕೋಟೆಯ ಫಾಸ್ಟ್ ಬಸ್ಸುಗಳು ಊರಿಗೆ ಒಂದಿಷ್ಟು ಧೂಳು ಕೊಟ್ಟು ಹೋಗುತ್ತವೆಯೇ ಹೊರತು ನಿಲ್ಲುವುದಿಲ್ಲ. ಬಸ್ಸು ಬೇಕಾದವರು ಟಂಟಂ ಆಟೋ ಹತ್ತಿ ಅಮೀನಗಡಕ್ಕೆ ಹೋಗಬೇಕು. ಟಂಟಂ ಹನ್ನೆರಡು ಮಂದಿ ತುಂಬದೆ ಅಲುಗುವುದಿಲ್ಲ. ಬಸ್ಸು ಇಲ್ಲಿಯೇ ನಿಲ್ಲಬೇಕೆಂದು ಕಾಶಪ್ಪ ಸಾಹುಕಾರರು ಕ್ರಾಸಿನಲ್ಲಿ ಪೆಂಡಾಲು ಹಾಕಿಸಿ ಆಮರಣ ಉಪವಾಸ ಕೂತಿದ್ದರು. ಇವತ್ತಿಗೆ ಆರನೆಯ ದಿನ.

ಕಾಶಪ್ಪನವರು ಬಸವೇಶ್ವರಿಯ ಸೋದರಮಾವ. ನೂರಾ ಎಂಟು ಕಿಲೋದ ಆಳು. ಉಪವಾಸಕ್ಕೆ ಕೂರುವ ಮುನ್ನಾದಿನ ಊರಿನ ತಕ್ಕಡಿಯಲ್ಲಿ ಎಲ್ಲರ ಎದುರು ತೂಗಿಸಿಕೊಂಡೇ ಕೂತವರು. ಜನವರಿಯ ಚಳಿ. ಮೊದಲನೆಯ ಸಂಜೆಯೇ ಬಸವೇಶ್ವರಿ ಗಂಡನ ಕೈಗೆ ಒಂದು ಸುತ್ತಿದ ಕೌದಿ ಕೊಟ್ಟಳು.

"ಮಾವ ಬಯಲಾಗ ಮಲಗತಾನ್ರಿ. ಇದನ್ನ ಒಯ್ದು ಕೊಟ್ಟ ಬರ್ರಿ. ಮುಂಜಾನಿ ನೆಪ್ಪಲೆ ತೊಗೊಂಡ ಬರ್ರಿ, ಹಗಲ್ಹೊತ್ತ ಅಲ್ಲೆ ಬಿಟ್ರ ಟಗರು ಎಳದಾಡತಾವ."

ಅಂದಿನಿಂದ ಸಂಜೆ ಒಯ್ಯುವುದು, ಬೆಳಿಗ್ಗೆ ತರುವುದು ಹೊಳಬಸಪ್ಪನ ಕೆಲಸವಾಯಿತು. ಒಂದು ಕಂಕುಳಲ್ಲಿ ಕೌದಿ, ಇನ್ನೊಂದು ಕೈಯಲ್ಲಿ ಪುಸ್ತಕ. ಹೋಗುವಾಗ ಕೌದಿ ಭಾರವಿರುತ್ತಿತ್ತು, ಬರುವಾಗ ಹಗುರ. ಬೆಳಿಗ್ಗೆ ಅದರಿಂದ ಬಳ್ಳೊಳ್ಳಿಯ ವಾಸನೆಯೂ ಬರುತ್ತಿತ್ತು. ಪರೀಕ್ಷೆ ತಲೆಯಲ್ಲಿ ಇಟ್ಟುಕೊಂಡವನಿಗೆ ಅದೆಲ್ಲ ಹೊಳೆಯುತ್ತದೆಯೇ.

ಇವತ್ತು ಪರೀಕ್ಷೆಯ ಗಡಿಬಿಡಿಯಲ್ಲಿ ಬೆಳಿಗ್ಗೆ ಕೌದಿ ತರುವುದು ಮರೆತೇಹೋಯಿತು.

ಒಂಬತ್ತೂವರೆಗೆ ಅವನು ಕ್ರಾಸಿಗೆ ಬಂದಾಗ ಟಂಟಂನಲ್ಲಿ ನಾಲ್ಕೇ ಜನ ಕೂತಿದ್ದರು. ಇನ್ನು ಎಂಟು ಮಂದಿ ಬರಬೇಕು. ನಿಂತು ಮಾಡುವುದೇನೆಂದು ಪೆಂಡಾಲಿನ ಖುರ್ಚಿಯೊಂದರಲ್ಲಿ ಕೂತ. ಕಾಶಪ್ಪನವರು ಮಂಚದ ಮೇಲೆ ದಿಂಬಿಗೊರಗಿ ಮಲಗಿದ್ದವರು ಅವನನ್ನು ಕಂಡು ಕಣ್ಣಿನಲ್ಲೇ ಏನೋ ಸನ್ನೆ ಮಾಡಿದರು.

"ಅಳಿಯಾ, ಕೌದಿ," ಎಂದರು ಮೆಲ್ಲಗೆ.

"ಸಂಜಿಗೆ ಬಂದು ಒಯ್ತೇನ್ರಿ ಮಾವಾರ. ಇವತ್ತ ಪರೀಕ್ಷಾ ಐತಿ."

"ಈಗ ಒಯ್ದಿದ್ರ ಚಲೋ ಆಗತಿತ್ತು."

"ಪರೀಕ್ಷಾ ಹಾಲಿನ್ಯಾಗ ಕೌದಿ ಬಿಡಂಗಿಲ್ರಿ ಮಾವಾರ," ಎಂದು ಹೊಳಬಸಪ್ಪ ನೋಟ್ಸು ತೆರೆದ.

ತೆರೆದದ್ದು ಅರ್ಥಾಪತ್ತಿಯ ಪುಟ. ಮೂರು ಸಲವೂ ಅವನನ್ನು ಕೆಡವಿದ್ದು ಇದೇ ಪ್ರಶ್ನೆ. ಜ್ಞಾನ ಹುಟ್ಟುವ ದಾರಿಗೆ ಈ ಶಾಸ್ತ್ರದಲ್ಲಿ ಪ್ರಮಾಣ ಎನ್ನುತ್ತಾರೆ. ಅಂಥವು ಆರು. ಹೊಗೆ ಕಂಡು ಬೆಂಕಿ ಇದೆ ಎಂದು ತಿಳಿಯುವುದು ಅನುಮಾನ ಪ್ರಮಾಣ. ಕಂಡ ಎರಡು ಸಂಗತಿಗಳು ಒಂದಕ್ಕೊಂದು ಹೊಂದದಿದ್ದಾಗ, ಹೊಂದಿಸುವುದಕ್ಕೆ ಕಾಣದ ಮೂರನೆಯದೊಂದನ್ನು ಒಪ್ಪಲೇಬೇಕಾಗುವುದು ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆ, ಅಂದಮೇಲೆ ರಾತ್ರಿ ಉಣ್ಣುತ್ತಾನೆ ಎಂಬುದು ಅದಕ್ಕೆ ಹಳೆಯ ಕಾಲದಿಂದ ಬಂದ ಉದಾಹರಣೆ. ಹೊಳಬಸಪ್ಪ ಪ್ರತಿ ಸಲವೂ ಅನುಮಾನದಲ್ಲಿ ಅರ್ಥಾಪತ್ತಿ ಬರೆದು, ಅರ್ಥಾಪತ್ತಿಯಲ್ಲಿ ಅನುಮಾನ ಬರೆದು ಬಂದಿದ್ದ.

ಬಾಗಲಕೋಟೆಯಲ್ಲಿ ಪಾಠ ಹೇಳುವ ನಿಖತ ಮೇಡಂ ಹೋದ ವಾರ ಫೋನಿನಲ್ಲಿ ಒಂದು ಉಪಾಯ ಹೇಳಿಕೊಟ್ಟಿದ್ದರು. "ಆ ದೇವದತ್ತನ್ನ ಬಿಡ್ರಿ ಸರ. ಅಂವನ್ನ ನೀವು ನೋಡೀರೇನು? ನಿಮಗ ಗುರ್ತ ಇದ್ದಾವ್ರ ಹೆಸರ ಹಚ್ಚಿ ಬಾಯಿಪಾಠ ಮಾಡ್ರಿ. ಸತ್ರೂ ಮರಿಯಂಗಿಲ್ಲ."

ಗುರುತಿದ್ದ ದಪ್ಪ ಮನುಷ್ಯ ಒಬ್ಬನೇ.

ಪೆಂಡಾಲಿನ ಮೈಕು, ಮಗ್ಗುಲ ಬೇವಿನ ಮರಕ್ಕೆ ಕಟ್ಟಿದ ಲೌಡ್ ಸ್ಪೀಕರು ಎರಡರ ಜವಾಬ್ದಾರಿಯೂ ನೀಲಪ್ಪನದು. ಬೋರ್ಡು ಬರೆಯುವುದೂ ಅವನೇ, ಘೋಷಣೆ ಕೂಗುವುದೂ ಅವನೇ. ಆರು ದಿನ ಕೂಗಿ ಗಂಟಲು ಬಿದ್ದಿದ್ದರಿಂದ, ಎದುರಿಗೆ ಚಹಾ-ಭಜಿ ಮಾರುವ ಹನಮವ್ವನ ಅಂಗಡಿಗೆ ಹೋಗಿ ಬರೋಣವೆಂದು ಮೈಕನ್ನು ಅಲ್ಲೇ ಸ್ಟ್ಯಾಂಡಿಗೆ ಸಿಗಿಸಿ ಹೋಗಿದ್ದ. ಸ್ಟ್ಯಾಂಡು ಇದ್ದದ್ದು ಹೊಳಬಸಪ್ಪನ ಮೂಗಿನ ಹತ್ತಿರ. ಬಂದ್ ಮಾಡಿ ಹೋಗಿರಲಿಲ್ಲ.

ಹೊಳಬಸಪ್ಪ ಕಣ್ಣು ಮುಚ್ಚಿ ಶುರು ಮಾಡಿದ. "ಕಾಶಪ್ಪ ದಪ್ಪ ಅದಾನ. ಕಾಶಪ್ಪ ಹಗಲ ಉಣ್ಣಂಗಿಲ್ಲ. ಉಣ್ಣಲಾರದ ಯಾರೂ ದಪ್ಪ ಇರಾಕ ಆಗಂಗಿಲ್ಲ. ಅಂದ ಮ್ಯಾಲ ಕಾಶಪ್ಪ ರಾತ್ರಿ ಉಣ್ಣತಾನ."

ಬೇವಿನ ಮರದ ಮೇಲಿನಿಂದ ಯಾರೋ ಅದೇ ಪಾಠವನ್ನು ಜೋರಾಗಿ ಹೇಳಿದಂತಾಯಿತು. ಇನ್ನೊಬ್ಬರಿಗೂ ಇವತ್ತೇ ಪರೀಕ್ಷೆ ಇರಬೇಕೆಂದುಕೊಂಡು ಅವನು ಎರಡನೆಯ ಸಲ ಹೇಳಿದ. ಮೂರನೆಯ ಸಲಕ್ಕೆ ಧೈರ್ಯ ಬಂದು ದನಿ ಏರಿಸಿದ.

"ರಾತ್ರಿ ಉಣ್ಣತಾನ. ಉಣ್ಣಾಕ ಬೇಕು. ಉಣ್ಣಲಾರದ ಬ್ಯಾರೆ ದಾರಿನ ಇಲ್ಲ."

ಕಣ್ಣು ತೆರೆದು ನೋಡಿದ. ಹನಮವ್ವನ ಅಂಗಡಿಯಲ್ಲಿ ಭಜಿ ಬಾಣಲೆಯಲ್ಲೇ ಕರಿಯಾಗುತ್ತಿತ್ತು, ಅವಳು ಜಾಲರಿ ಸೌಟು ಹಿಡಿದು ಹಾಗೆಯೇ ನಿಂತಿದ್ದಳು. ಟಂಟಂನಲ್ಲಿ ಕೂತಿದ್ದ ನಾಲ್ವರೂ ಇಳಿದಿದ್ದರು. ಊರ ಒಳಗಿಂದ ಮಂದಿ ಬರುತ್ತಿದ್ದರು, ಕೆಲವರ ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು ಹಾಗೇ ಇತ್ತು. ಕಾಶಪ್ಪನವರು ಆರು ದಿನಗಳಲ್ಲಿ ಮೊದಲ ಸಲ ಯಾರ ಆಸರೆಯೂ ಇಲ್ಲದೆ ಎದ್ದು ಕೂತಿದ್ದರು.

"ಅಳಿಯಾ," ಎಂದರು ಅವರು. ಸಿಟ್ಟಿಗಿಂತ ಹೆಚ್ಚು ಆ ದನಿಯಲ್ಲಿ ನೋವಿತ್ತು. "ಬ್ಯಾರೆದಾವ್ರು ಅಂದಿದ್ರ ಅನ್ಲಿ ಬಿಡು ಅಂತಿದ್ದೆ. ಈ ಮಾತ ನೀ ಆಡಬೇಕೇನಪಾ?"

ಬೀಗತನದ ಸಂಕಟವೆಂದು ಹೊಳಬಸಪ್ಪ ತಿಳಿದ. "ಮಾವಾರ, ನೀವಲ್ರಿ. ಇದು ಪಾಠದಾಗಿಂದು. ಪುಸ್ತಕದಾಗ ಐತಿ ನೋಡ್ರಿ."

"ಸಾಹುಕಾರ್ರು ಉಣ್ಣೂದು ಪುಸ್ತಕದಾಗೂ ಬಂದೈತಂತ," ಎಂದು ಹನಮವ್ವ ಅಲ್ಲಿಂದಲೇ ಎಲ್ಲರಿಗೂ ತಿಳಿಸಿದಳು.

ಜನ ದಾರಿ ಬಿಟ್ಟರು, ಹುಲ್ಲಪ್ಪ ಬಂದ. ಎಪ್ಪತ್ತರ ಹಿರಿಯ, ನೂರು ಕುರಿಯ ಯಜಮಾನ, ಬೀರಪ್ಪನ ಗುಡಿಯ ಮುಂದೆ ಕೂತು ಊರ ನ್ಯಾಯ ಬಗೆಹರಿಸುವವನು. ಅವನು ಎಲ್ಲಿಗೆ ಹೋದರೂ ಅವನ ಟಗರು ಬೆನ್ನಿಗೆ ಬರುತ್ತದೆ, ಈಗಲೂ ಬಂದಿತ್ತು. ಹುಲ್ಲಪ್ಪ ಪುಸ್ತಕ ತೆಗೆಸಿ ನೀಲಪ್ಪನಿಂದ ಆ ಪುಟ ಓದಿಸಿದ.

"ಇದರಾಗ ದೇವದತ್ತ ಅಂತ ಐತಲ್ಲೋ. ಯಾರಂವ?"

"ಅಂವ ಯಾರೂ ಅಲ್ರಿ ಕಾಕಾ."

"ಯಾರೂ ಅಲ್ಲದಾವ್ನ ಹೆಸರ ತಗದು ಸಾಹುಕಾರ್ರ ಹೆಸರ ಯಾಕ ಹಚ್ಚಿದಿ?"

ಹೊಳಬಸಪ್ಪನಿಗೆ ಸುಳ್ಳು ಹೇಳಲು ತಕ್ಷಣಕ್ಕೆ ಏನೂ ಸಿಗಲಿಲ್ಲ. "ಅವರು ದಪ್ಪ ಅದಾರಂತ್ರಿ," ಎಂದ.

ಗುಂಪಿನಲ್ಲಿ ಗುಜುಗುಜು ಎದ್ದಿತು. ಆರು ದಿನ ಎಲ್ಲರೂ ನೋಡಿ ಯಾರೂ ಆಡದೆ ಇದ್ದ ಮಾತದು. ಹುಲ್ಲಪ್ಪ ಕೈಯೆತ್ತಿ ಸುಮ್ಮನಾಗಿಸಿದ. ಹುಡುಗ ತಪ್ಪಿ ಆಡಿದ್ದಾನೆ, ಪಾರು ಮಾಡೋಣವೆಂಬ ಕರುಣೆ ಅವನ ಮುಖದಲ್ಲಿತ್ತು.

"ನೋಡ ತಮ್ಮಾ, ಇದು ಬರೇ ನಿನ್ನ ಅನುಮಾನ. ಹೌದಲ್ಲೋ? ಹೌದು ಅನ್ನು, ಮುಗದ ಹೋಗ್ತೈತಿ."

ಹೌದು ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಇದೇ ಪ್ರಶ್ನೆಗೆ ಮೂರು ಸಲ ಅನುಮಾನ ಎಂದು ಬರೆದು ಫೇಲಾದವನ ಬಾಯಿ ಅದು. ತಾನಾಗಿಯೇ ತೆರೆಯಿತು.

"ಅಲ್ರಿ ಕಾಕಾ. ಇದು ಅನುಮಾನ ಅಲ್ಲ. ಅರ್ಥಾಪತ್ತಿ."

"ಅನುಮಾನನ ಇಲ್ಲಂತ್ರಿ," ನೀಲಪ್ಪ ಮೈಕಿನಲ್ಲಿ ಹೇಳಿದ. "ಪಕ್ಕಾ ಅಂತ."

"ಪ್ರಮಾಣ ಐತೇನು?" ಹುಲ್ಲಪ್ಪನ ಮುಖದಿಂದ ಕರುಣೆ ಹೊರಟುಹೋಗಿತ್ತು.

"ಪ್ರಮಾಣ ಆರು ಅದಾವ್ರಿ."

"ಒಂದ ಮಾಡಿದ್ರ ಸಾಕಪಾ. ಬೀರಪ್ಪನ ಗುಡಿಗೆ ನಡಿ, ಭಂಡಾರ ಮುಟ್ಟಿ ಮಾಡು."

"ಆರೂ ಮಾಡಾಕ ತಯಾರ ಅದಾನವ್ವಾ," ಹನಮವ್ವ ಪಕ್ಕದವಳ ತೋಳು ಹಿಡಿದಳು. "ಖರೆ ಇಲ್ಲಾಂದ್ರ ಇಷ್ಟ ಗಟ್ಟಿ ನಿಂದರತಾನೇನು?"

ಗಟ್ಟಿ ನಿಂತಿರಲಿಲ್ಲ ಪಾಪ, ಕಾಲು ಕೀಳಲು ಬಾರದೆ ನಿಂತಿದ್ದ. ಎಲ್ಲ ಬಿ‍ಡಿಸಿ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಮಂಚದ ಕಡೆಯಿಂದ ಕಾಶಪ್ಪನವರು "ಹೈ, ಹೈ" ಎನ್ನುವುದು ಕೇಳಿತು. ಇಷ್ಟು ಹೊತ್ತು ಈ ವಿಚಾರದಲ್ಲಿ ಆಸಕ್ತಿ ತೋರಿಸದೆ ಇದ್ದ ಹುಲ್ಲಪ್ಪನ ಟಗರು ದಿಂಬಿನ ಹಿಂದೆ ಮೂಗು ತುರುಕಿ, ಕೌದಿಯ ಚುಂಗು ಕಚ್ಚಿ ಎಳೆಯುತ್ತಿತ್ತು. ಕಾಶಪ್ಪನವರು ಇನ್ನೊಂದು ತುದಿ ಹಿಡಿದಿದ್ದರು. ಆರು ದಿನ ಉಪವಾಸವಿದ್ದವರ ಕೈಯಲ್ಲಿ ಇಷ್ಟು ಶಕ್ತಿ ಎಲ್ಲಿಂದ ಬಂತೆಂದು ಜನ ನೋಡುತ್ತಿರುವಾಗಲೇ ಟಗರು ಒಂದು ಜಗ್ಗು ಜಗ್ಗಿತು. ಕೌದಿ ಬಿಚ್ಚಿಕೊಂಡಿತು. ಒಳಗಿನಿಂದ ಒಂದು ಸ್ಟೀಲಿನ ಡಬ್ಬಿ ಠಣ್ಣೆಂದು ಬಿದ್ದು, ಉರುಳಿಕೊಂಡು ಹೋಗಿ ಡಾಂಬರು ರಸ್ತೆಯ ಮೇಲೆ ಬಾಯಿ ತೆರೆಯಿತು. ನಾಲ್ಕು ತುಂಡು ಕರದಂಟು, ಅರ್ಧ ರೊಟ್ಟಿ, ತಳದಲ್ಲಿ ಒಂದಿಷ್ಟು ಬಳ್ಳೊಳ್ಳಿ ಚಟ್ನಿ.

ಟಗರು ಬೆನ್ನಿಗೇ ಹೋಗಿ ಬಾಯಿ ಹಾಕಿತು, ಮೈಕು ಹಿಡಿದೇ ನೀಲಪ್ಪನೂ ಹೋದ. ಕರದಂಟು ಅಗಿಯುವ ಟಗರಿನ ಸದ್ದೊಂದೇ ಮೈಕಿನಲ್ಲಿ ಕೇಳುತ್ತಿತ್ತು.

ಎಲ್ಲರಿಗಿಂತ ಹೆಚ್ಚು ದಂಗಾದವನು ಹೊಳಬಸಪ್ಪ. ಹಿಂದಿನ ಕಾಲದ ಒಂದು ಉದಾಹರಣೆ ತನ್ನೂರಿನ ಕ್ರಾಸಿನಲ್ಲಿ ನಿಜವಾಗಿ ಕೂತಿದೆ ಎಂಬುದನ್ನು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಆಘಾತದ ಒಳಗೇ ಒಂದು ಸಣ್ಣ ಹೆಮ್ಮೆಯೂ ಮೂಡಿತು. ಮೂರು ವರ್ಷದಲ್ಲಿ ಮೊದಲ ಸಲ ಅರ್ಥಾಪತ್ತಿ ಅವನಿಗೆ ಪೂರ್ತಿ ಅರ್ಥವಾಗಿತ್ತು.

ಆ ಹೆಮ್ಮೆ ನೀಲಪ್ಪ ಮುಚ್ಚಳ ಎತ್ತಿಕೊಳ್ಳುವವರೆಗೆ ಉಳಿಯಿತು.

"ಮ್ಯಾಲ ಹೆಸರ ಐತ್ರಿ," ಎಂದು ನೀಲಪ್ಪ ಮೈಕಿನಲ್ಲಿ ಓದಿದ. "ಸೌ. ಬಸವೇಶ್ವರಿ. ಎಂ.ಎ. ಬಿ.ಎಡ್."

ಇಡೀ ಊರು ತಿರುಗಿ ಹೊಳಬಸಪ್ಪನನ್ನು ನೋಡಿತು. ಅವನು ಲೆಕ್ಕ ಹಾಕಿದ. ಡಬ್ಬಿಗೆ ಕಾಲಿಲ್ಲ. ಬಸವೇಶ್ವರಿ ಹುನಗುಂದ ಬಿಟ್ಟರೆ ಮನೆ, ಮನೆ ಬಿಟ್ಟರೆ ಹುನಗುಂದ. ಯಾರೋ ನಡುವೆ ಇದ್ದಾರೆ. ಅವನಿಗೆ ನಿಜವಾಗಿಯೂ ಸಿಟ್ಟು ಬಂತು, ತನ್ನ ಮನೆಯ ಡಬ್ಬಿ ಕದ್ದು ತಂದವನು ಯಾರೆಂದು ಈಗಲೇ ತಿಳಿಯಬೇಕೆನಿಸಿತು. ಹೆಂಡತಿಗೆ ಫೋನು ಹಚ್ಚಿದ. ಎಲ್ಲರಿಗೂ ಕೇಳಲೆಂದು ನೀಲಪ್ಪ ಅದನ್ನು ಇಸಿದುಕೊಂಡು ಸ್ಪೀಕರ್ ಹಾಕಿ ಮೈಕಿಗೆ ಹಿಡಿದ.

"ಯಾಕ್ರಿ, ಇನ್ನಾ ಬಸ್ ಹತ್ತಿಲ್ಲೇನು?" ಬೇವಿನ ಮರದಿಂದ ಬಸವೇಶ್ವರಿ ಕೇಳಿದಳು.

"ಅದಿರಲಿ. ನಿನ್ನ ಡಬ್ಬಿ ಪೆಂಡಾಲದಾಗ ಸಿಕ್ಕೈತಿ."

"ಸಿಗಲಾರದ ಏನು. ಇವತ್ತ ನೀವು ಕೌದಿ ತರಲಿಲ್ಲಲ್ಲ."

"ಡಬ್ಬಿ ಇಲ್ಲಿಗೆ ತಂದಾವ್ರು ಯಾರು ಅಂತ ಹೇಳು ಮೊದಲ. ಅಂವನ್ನ ಸುಮ್ನ ಬಿಡಂಗಿಲ್ಲ ನಾ."



"ಯಾರಂದ್ರ? ನೀವ. ಐದೂ ದಿನ ಸಂಜಿಮುಂದ ಕೌದ್ಯಾಗ ಸುತ್ತಿ ಕೊಟ್ಟೇನಿ, ನೀವ ಹೊತ್ಕೊಂಡ ಹೋಗೀರಿ. ಮಾವಗ ಸಕ್ಕರಿ ಬ್ಯಾನಿ, ಹಸಗೊಂಡ ಕುಂತು ಹೆಚ್ಚುಕಡಿಮಿ ಆದ್ರ ಯಾರ ನೋಡಾವ್ರು? ಬಸ್ಸೂ ನಿಂದರಬೇಕು, ಮಾವನೂ ಉಳೀಬೇಕು. ನಿಮಗ ಹೇಳಿದ್ರ ಊರ ತುಂಬ ಹೇಳ್ತೀರಿ ಅಂತ ಹೇಳಿಲ್ಲ, ಅಷ್ಟ." ಆಮೇಲೆ ಅವಳಿಗೆ ಏನೋ ಅನಿಸಿರಬೇಕು. "ಯಾಕ್ರಿ, ನಿಮ್ಮ ಹಿಂದ ನಂದ ಧ್ವನಿ ಕೇಳಾಕತ್ತೈತಲ್ಲ?"

ನೀಲಪ್ಪ ಫೋನು ಕೆಳಗಿಟ್ಟ.

ಹೊಳಬಸಪ್ಪ ಖುರ್ಚಿಯಲ್ಲಿ ಕುಸಿದ. ಹೊಗೆ ಕಂಡರೆ ಬೆಂಕಿ ಇದೆ ಎಂದು ಐದು ಪುಟ ಬರೆಯಬಲ್ಲವನು ಅವನು. ಐದು ದಿನ ತನ್ನ ಕಂಕುಳಲ್ಲೇ ಬಳ್ಳೊಳ್ಳಿ ನಾರುತ್ತಿದ್ದರೂ ಚಟ್ನಿ ಇದೆ ಎಂದು ಅವನಿಗೆ ಹೊಳೆದಿರಲಿಲ್ಲ. ನಾಚಿಕೆಯಿಂದ ಭೂಮಿಯೊಳಗೆ ಇಳಿದುಹೋಗಬೇಕೆನಿಸಿತು.

"ತಾನ ತಂದ ಕೊಟ್ಟು, ತಾನ ಮೈಕಿನ್ಯಾಗ ಹೇಳಿದ," ಎಂದು ಕಾಶಪ್ಪನವರು ಹುಲ್ಲಪ್ಪನಿಗೆ ತೋಡಿಕೊಂಡರು. "ಇಂಥಾ ಮಂದಿನ ನಾ ನೋಡಿಲ್ಲ ಹುಲ್ಲಪ್ಪ. ಓದಿ ಓದಿ ಹಿಂಗಾಗ್ಯಾನ."

ಸಿಟ್ಟು ಮಾಡಲು ಊರಿಗೆ ಪುರುಸೊತ್ತಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ತಾಲೂಕು ಕಚೇರಿಯ ಸಾಹೇಬರೊಬ್ಬರು ಉಪವಾಸ ನೋಡಲು ಬರುವವರಿದ್ದರು, ಜತೆಗೆ ಪೇಪರಿನವರು. ಮಂಚ ಖಾಲಿ ಇದ್ದರೆ ಬಸ್ಸಿನ ಮಾತು ಇನ್ನು ಹತ್ತು ವರ್ಷ ಎತ್ತುವ ಹಾಗಿಲ್ಲ. ಕಾಶಪ್ಪನವರನ್ನು ಮತ್ತೆ ಕೂರಿಸಿದರೆ ನಗುತ್ತಾರೆ. ಹುಲ್ಲಪ್ಪ ಹೊಳಬಸಪ್ಪನನ್ನು ಮೇಲಿಂದ ಕೆಳಗೆ ನೋಡಿದ. ಅಂಗಿಯೊಳಗೆ ಆಳೇ ಇಲ್ಲದಂಥ ಮೈಕಟ್ಟು ಅವನದು.

"ಇಂವ ಕುಂದರಲಿ," ಎಂದ. "ಇಂವನ ಮ್ಯಾಲ ಯಾವ ಸಾಹೇಬನೂ ಅನುಮಾನ ಪಡಂಗಿಲ್ಲ."

"ಕಾಕಾ, ನಂದು ಇವತ್ತ ಪರೀಕ್ಷಾ ಐತ್ರಿ. ಕೊನೀ ಅವಕಾಶ," ಹೊಳಬಸಪ್ಪ ಹಾಲ್ ಟಿಕೆಟ್ ತೆಗೆದು ಕೆಂಪು ಮುದ್ರೆ ತೋರಿಸಿದ. ಅವನ ಕಣ್ಣಲ್ಲಿ ನೀರಿತ್ತು. "ಇದೊಂದ ಬರದ್ರ ಎಂ.ಎ. ಮುಗೀತೈತ್ರಿ. ಸಂಜಿಗೆ ಬಂದು ನೀವು ಹೇಳಿದಲ್ಲಿ ಕುಂದರತೇನಿ."

"ಊರಿಂದೂ ಕೊನೀ ಅವಕಾಶನ ತಮ್ಮಾ. ಕೆಡಿಸಿದಾವ ನೀನು. ಮತ್ಯಾರ ಕುಂದರಬೇಕು?"

ಟಂಟಂನವನು ಅಷ್ಟರಲ್ಲಿ ಕೀಲಿ ಜೇಬಿಗಿಟ್ಟುಕೊಂಡು ಪೆಂಡಾಲಿನ ಕಂಬ ಸರಿಮಾಡಲು ನಿಂತಿದ್ದ. ಅಮೀನಗಡಕ್ಕೆ ನಡೆದು ಹೋಗಿ ಬಸ್ಸು ಹಿಡಿದರೆ ಬಾಗಲಕೋಟೆಯನ್ನು ಪರೀಕ್ಷೆ ಶುರುವಾದ ಮೇಲೆ ಮುಟ್ಟಬೇಕು. ಆಗ ಹುನಗುಂದದ ಕಡೆಯಿಂದ ಬಸ್ಸಿನ ಹಾರ್ನು ಕೇಳಿತು. ಬಾಗಲಕೋಟೆಯ ಫಾಸ್ಟ್ ಬಸ್ಸು. ಹೊಳಬಸಪ್ಪ ಒಂದೇ ಉಸಿರಿಗೆ ರಸ್ತೆಗೆ ಓಡಿದ, ಹಾಲ್ ಟಿಕೆಟ್ಟನ್ನು ತಲೆಯ ಮೇಲೆತ್ತಿ ಎರಡೂ ಕೈ ಬೀಸಿದ. ಯಾರೂ ಅವನನ್ನು ತಡೆಯಲಿಲ್ಲ. ತಡೆಯುವ ಅಗತ್ಯವಿಲ್ಲವೆಂದು ಊರಿಗೆ ಗೊತ್ತಿತ್ತು.

ಬಸ್ಸು ಅವನ ಮೈಮೇಲೆ ಧೂಳು ಹೊಡೆದು ಹೋಯಿತು. ಕಿಟಕಿಯಲ್ಲಿ ಅರ್ಧ ಸೀಟುಗಳು ಖಾಲಿ ಕಂಡವು.

ಹುಲ್ಲಪ್ಪ ಬಂದು ಅವನ ಹೆಗಲ ಮೇಲೆ ಕೈ ಇಟ್ಟ. "ಬಸ್ ಯಾಕ ನಿಂದರಬೇಕು ಅಂತ ಈಗ ತಿಳೀತಲ್ಲ? ಬಾ."

ಹೊಳಬಸಪ್ಪ ಹೋದ. ಬೇರೆ ದಾರಿಯೇ ಇರಲಿಲ್ಲ. ಕಾಶಪ್ಪನವರ ಕೊರಳಿನ ಹಾರ ಅವನ ಕೊರಳಿಗೆ ಬಂತು, ಹೊಕ್ಕಳ ತನಕ ಇಳಿಯಿತು. ಕಾಶಪ್ಪನವರು ತಬ್ಯೇತು ನೆಟ್ಟಗಿಲ್ಲವೆಂದು ಹೇಳಿ ಮಂಚದಿಂದಿಳಿದು, ಹನಮವ್ವನ ಅಂಗಡಿಗೆ ಹೋಗಿ, ರಸ್ತೆಗೆ ಬೆನ್ನು ಮಾಡಿ ಕೂತು ಒಂದು ಪ್ಲೇಟು ಮಿರ್ಚಿ ಭಜಿ ತರಿಸಿಕೊಂಡರು.

ಸಾಹೇಬರು ಒಂದು ಗಂಟೆ ತಡವಾಗಿ ಬಂದರು. ಹೊಳಬಸಪ್ಪನನ್ನು ಕಂಡು ಬಾಗಿಲು ತೆರೆದ ಜೀಪಿನ ಹತ್ತಿರವೇ ನಿಂತುಬಿಟ್ಟರು. "ಆರ ದಿನಕ್ಕ ಮನಷ್ಯಾ ಹಿಂಗ ಆಗ್ಯಾನೇನ್ರಿ?" ಎಂದರು ಗಾಬರಿಯಲ್ಲಿ. ಬೆಳಗಿನ ಒಂಬತ್ತಕ್ಕೆ ಎರಡು ರೊಟ್ಟಿ, ಜುಣಕ ಉಂಡು ಬಂದ ಹೊಳಬಸಪ್ಪ ಏನೋ ಹೇಳಹೊರಟ. ಹುಲ್ಲಪ್ಪ ಕೆಮ್ಮಿದ. ಪೇಪರಿನವನು ಫೋಟೋ ಹೊಡೆದುಕೊಂಡ. ಕಡತ ಮೇಲಿನವರಿಗೆ ಕಳಿಸುತ್ತೇನೆ, ಉತ್ತರ ಬರುವ ತನಕ ಜೀವ ಕಾಪಾಡುವುದು ನಮ್ಮ ಹೊಣೆ ಎಂದು ಸಾಹೇಬರು ಹೇಳಿದರು. ನಾಳೆಯಿಂದ ದಿನಾ ಮುಂಜಾನೆ ಡಾಕ್ಟರು ಬಂದು ತೂಕ ಮಾಡಬೇಕು, ಒಬ್ಬ ಪೊಲೀಸ್ ಸದಾ ಮಂಚದ ಹತ್ತಿರ ಇರಬೇಕು ಎಂದು ಅಪ್ಪಣೆಯನ್ನೂ ಮಾಡಿ ಹೋದರು.

ಎರಡು ಗಂಟೆಯಾಯಿತು. ಹೊಳಬಸಪ್ಪ ಮಂಚದ ಮೇಲೆ ಕೂತು ಗಡಿಯಾರ ನೋಡಿದ. ಮೂರಾಯಿತು, ನಾಲ್ಕಾಯಿತು. ಐದೂಕಾಲಿಗೆ ನಿಖತ ಮೇಡಂ ಫೋನು ಮಾಡಿದರು.

"ಹೆಂಗ ಬರದ್ರಿ ಸರ? ಅರ್ಥಾಪತ್ತಿನ ಬಂದಿತ್ತಂತಲ್ಲ, ಇಪ್ಪತ್ತು ಮಾರ್ಕಿಂದು. ಸ್ವಂತ ಉದಾಹರಣಿ ಕೊಡ್ರಿ ಅಂತ ಕೇಳ್ಯಾರಂತ. ನಿಮಗಂತೂ ಭಾಳ ಸಸಾರ ಆಗಿರಬೇಕು."

ಹೊಳಬಸಪ್ಪ ಫೋನು ಇಟ್ಟು ದಿಂಬಿನಲ್ಲಿ ಮುಖ ಹುದುಗಿಸಿದ. ದಿಂಬಿಗೂ ಬಳ್ಳೊಳ್ಳಿಯ ವಾಸನೆ ಹತ್ತಿತ್ತು. ಹೊಟ್ಟೆ ಚುರುಗುಟ್ಟಿತು.

ಬಿಸಿಲು ಇಳಿಯುವ ಹೊತ್ತಿಗೆ ಬಸವೇಶ್ವರಿ ಟಂಟಂನಿಂದಿಳಿದು ನೇರವಾಗಿ ಪೆಂಡಾಲಿಗೆ ಬಂದಳು. ಗಂಡನ ಹಣೆ ಮುಟ್ಟಿ ನೋಡಿದಳು. ಹಾರ ಸರಿಮಾಡಿದಳು. ಅವಳಿಗೂ ಸಂಕಟವಾಗಿತ್ತು, ತೋರಿಸಿಕೊಳ್ಳುವ ಜಾತಿಯಲ್ಲ.

"ಆತ ಹೋಗ್ಲಿ ಬಿಡ್ರಿ," ಎಂದಳು ಮೆಲ್ಲಗೆ. "ಎಂ.ಎ. ಇಲ್ಲಾಂದ್ರ ಏನ ಮನ್ಯಾಗ ಬಿಟ್ಕೊಳ್ಳಂಗಿಲ್ಲೇನು ನಾ? ಆ ಕಲ್ಲು ನೋಡೇನಿ ನಾನು, ಜೋಳದ ಚೀಲದ ಹಿಂದ ಇಟ್ಟಿದ್ದು. ಕೆಟ್ಟಿಲ್ಲ ಅದು. ಅಕ್ಷರ ಕೆಳಗ ಮಾಡಿ, ಹಿಂದಿನ ಮೈಮ್ಯಾಲ ಐದು ದಿನದಿಂದ ಕರದಂಟ ತಟ್ಟಾಕತ್ತೇನಿ. ಭಾಳ ನುಣ್ಣಗ ಐತಿ."

ಹೊಳಬಸಪ್ಪನಿಗೆ ದುಃಖಕ್ಕಿಂತ ಈಗ ಹಸಿವೆಯೇ ಮುಂದಾಗಿತ್ತು. ಸುತ್ತ ನೋಡಿ, ಪೊಲೀಸಿನವನು ಇನ್ನೂ ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡು ಕೇಳಿದ.

"ಇವತ್ತ ಸಂಜಿಗೆ ಕೌದಿ?"

"ಕೌದಿ ತಯಾರ ಐತ್ರಿ," ಎಂದಳು ಬಸವೇಶ್ವರಿ. "ಆದ್ರ ಒಯ್ಯಾವ್ರು ಯಾರು? ಒಯ್ತಿದ್ದಾವ್ರು ನೀವು. ನೀವ ಇಲ್ಲಿ ಕುಂತೀರಿ. ನಾ ತಂದ್ರ ಊರೆಲ್ಲ ಬಿಚ್ಚಿ ನೋಡ್ತೈತಿ."

ಅಷ್ಟರಲ್ಲಿ ನೀಲಪ್ಪ ಬಣ್ಣದ ಡಬ್ಬಿ, ಕುಂಚ ಹಿಡಿದು ಬಂದ. ಬ್ಯಾನರಿನಲ್ಲಿ ಕಾಶಪ್ಪನವರ ಹೆಸರಿಗೆ ಸಾಹೇಬರು ಬರುವ ಮೊದಲೇ ಬಿಳಿ ಬಣ್ಣ ಬಳಿದಿದ್ದ, ಅದು ಒಣಗಿದ ಮೇಲೆ ಆ ಜಾಗದಲ್ಲಿ 'ಹೊಳಬಸಪ್ಪ' ಎಂದು ಬರೆದು ಮುಗಿಸಿದ್ದ. ಹೆಸರಿನ ಮುಂದೆ ಒಂದಿಷ್ಟು ಜಾಗ ಉಳಿದಿತ್ತು.

"ಅಕ್ಕಾರ, ಇಲ್ಲೆ ಎಂ.ಎ. ಅಂತ ಹಚ್ಚಲೇನ್ರಿ? ಓದಿದಾವ್ರು ಕುಂತಾರ ಅಂದ್ರ ಮ್ಯಾಲಿನವರೂ ಸ್ವಲ್ಪ ಅಂಜತಾರ."

ಹೊಳಬಸಪ್ಪನ ತಲೆ ದಿಂಬಿನಿಂದ ಮೇಲೆದ್ದಿತು. ಅವನ ಕಣ್ಣಿನಲ್ಲಿ ಆ ದಿನ ಮೊದಲ ಸಲ ಬೆಳಕು ಬಂತು. ಕಲ್ಲಿನಲ್ಲಿ ಬೇಡ, ಬಟ್ಟೆಯ ಮೇಲಾದರೂ ಆಗಲಿ, ಒಂದು ದಿನಕ್ಕಾದರೂ ಆಗಲಿ. ಅವನು ಹೆಂಡತಿಯ ಮುಖವನ್ನೇ ನೋಡಿದ. ಬಸವೇಶ್ವರಿ ಬ್ಯಾನರಿನ ಎದುರು ನಿಂತು, ಉತ್ತರಪತ್ರಿಕೆ ತಿದ್ದುವಾಗಿನಂತೆ ಸ್ವಲ್ಪ ಹೊತ್ತು ಯೋಚಿಸಿದಳು.

"ಬ್ಯಾಡ ನೀಲಪ್ಪ," ಎಂದಳು. "ಒಮ್ಮೆ ಸುಳ್ಳ ಹೇಳಿ ಸಿಕ್ಕೊಂಡಿದ್ದ ಸಾಕು. ಬಿ.ಎ. ಅಂತ ಬರಿ. ಅಕ್ಷರ ದೊಡ್ಡವು ಬರಿ, ಬಸ್ಸಿನ್ಯಾಗ ಹೋಗಾವ್ರಿಗೂ ಕಾಣ್ಲಿ."